ಸದ್ದು ಮಾಡದ ಸೈಕಲ್ಲು

ಮೇಲಿನ ಮನೆಯ ಅಕ್ಕನ ಕಾಲುಗಳು ಕೂತಾಗಲೂ ಸುಮ್ಮನಿರುವುದಿಲ್ಲ. ಲ್ಯಾಬಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಅವಳು ಮೇಣದ ಪಟ್ಟಿಯ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿರುತ್ತಾಳೆ, ಕೈ ಅಲುಗಬಾರದೆಂದು ಉಸಿರು ಬಿಗಿಹಿಡಿದಿರುತ್ತಾಳೆ. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಎರಡೂ ಪಾದಗಳು ಗಾಳಿಯಲ್ಲಿ ಸುತ್ತು ಹಾಕುತ್ತಿರುತ್ತವೆ. ಕಾಲು ಕುಣಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದು ಆ ಥರದ್ದಲ್ಲ. ಒಂದು ಪಾದ ಮೇಲೆ ಬಂದಾಗ ಇನ್ನೊಂದು ಕೆಳಗೆ, ಒಂದೇ ಲಯ, ಒಂದೇ ವೇಗ. "ಅಕ್ಕಾ, ಎಲ್ಲಿಗೆ ಹೊರಟೆ?" ಎಂದು ನಾನು ಕಿಚಾಯಿಸಿದರೆ ತಟ್ಟನೆ ನಿಲ್ಲಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ನಮ್ಮದು ಹಲ್ಲುಸೆಟ್ಟು ಮಾಡುವ ಲ್ಯಾಬು. ಊರಿನ ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಅದು ಒಣಗಿ ಕುಗ್ಗುವುದರೊಳಗೆ ಲ್ಯಾಬಿಗೆ ತಂದು ಪ್ಲಾಸ್ಟರ್ ಹುಯ್ಯಬೇಕು. ತಡವಾದರೆ ಸೆಟ್ಟು ಬಾಯಲ್ಲಿ ಕೂರುವುದಿಲ್ಲ; ವಯಸ್ಸಾದವರು ಊಟದ ಹೊತ್ತಿಗೆಲ್ಲ ನಮ್ಮ ಹೆಸರು ಹಿಡಿದು ಬೈಯುತ್ತಾರೆ. ಈ ಊರೋ, ಏರಿಲ್ಲದಿದ್ದರೆ ಇಳಿಜಾರು, ಇಳಿಜಾರಿಲ್ಲದಿದ್ದರೆ ಮೆಟ್ಟಿಲು. ಲ್ಯಾಬು ತಗ್ಗಿನಲ್ಲಿದೆ, ಡಾಕ್ಟರುಗಳೆಲ್ಲ ಗುಡ್ಡದ ಮೇಲೆ ಬೋರ್ಡು ಹಾಕಿಕೊಂಡಿದ್ದಾರೆ. ಸಂದಿಗೊಂದಿಗಳಲ್ಲಿ ಕಾರು ಸಿಕ್ಕಿಕೊಂಡರೆ ಅಚ್ಚಿನ ಕತೆ ಮುಗಿಯಿತು. ಹಾಗಾಗಿ ಬೆಳಗ್ಗೆ ಸಂಜೆ ಅಕ್ಕ ಸೈಕಲ್ಲಿನಲ್ಲಿ ಸುತ್ತಿ ಅಚ್ಚುಗಳನ್ನು ತರುತ್ತಾಳೆ, ರೋಗಿಯ ಬಾಯಲ್ಲಿ ಇಟ್ಟು ನೋಡಲು ಮೇಣದ ಸೆಟ್ಟುಗಳನ್ನು ಕೊಟ್ಟು ಬರುತ್ತಾಳೆ. ನಡುವಿನ ಹೊತ್ತಿನಲ್ಲಿ ನನ್ನ ಪಕ್ಕ ಕೂತು ಹಲ್ಲು ಜೋಡಿಸುತ್ತಾಳೆ. ಕ್ಲಿನಿಕ್ಕುಗಳಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹಲ್ಲಿನಮ್ಮ ಎಂದು. ಅವಳ ಸ್ವಂತ ಹಲ್ಲುಗಳಲ್ಲಿ ಅರ್ಧ ಉದುರಿವೆ, ಅದಕ್ಕೊಂದು ಸೆಟ್ಟು ಮಾಡಿಕೊಳ್ಳಲು ಮಾತ್ರ ಪುರುಸೊತ್ತಿಲ್ಲ.

ಈಗ ಸೈಕಲ್ಲಿನ ವಿಷಯ. ಸಾಮಾನ್ಯ ಸೈಕಲ್ಲಿನಲ್ಲಿ ತುಳಿಯುವುದು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಓಡುತ್ತದೆ. ಹಿಂಚಕ್ರದಲ್ಲಿ ಫ್ರೀವೀಲ್ ಅಂತ ಒಂದಿರುತ್ತದೆ; ಇಳಿಜಾರಿನಲ್ಲಿ ಟಿಕ್ ಟಿಕ್ ಟಿಕ್ ಎನ್ನುವುದು ಅದೇ. ಅಕ್ಕನ ಸೈಕಲ್ಲಿನಲ್ಲಿ ಆ ಸೌಕರ್ಯವಿಲ್ಲ. ಅದು ಫಿಕ್ಸೆಡ್ ಗೇರಿನದು. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು, ಪೆಡಲ್ ಮೇಲಿರುವ ಕಾಲೂ ತಿರುಗಲೇಬೇಕು. ಏರಿನಲ್ಲಿ ಎದ್ದು ನಿಂತು ಮೈಭಾರ ಹಾಕಿ ತುಳಿಯಬೇಕು. ಇಳಿಜಾರಿನಲ್ಲಿ ಕಾಲು ಬಿಟ್ಟು ಹಾಯಾಗಿ ಕೂರುವಂತಿಲ್ಲ, ಸೈಕಲ್ಲೇ ಕಾಲನ್ನು ಗರಗರ ತಿರುಗಿಸುತ್ತದೆ. ವೇಗ ತಗ್ಗಿಸಬೇಕಾದರೆ ಮೇಲೆ ಬರುವ ಪೆಡಲನ್ನು ಬರದಂತೆ ಅದುಮಬೇಕು. ಕಾಲೇ ಬ್ರೇಕು. ಸುಮ್ಮನೆ ತಳ್ಳಿಕೊಂಡು ಹೋದರೂ ಪೆಡಲ್ ತಿರುಗಿ ಮೀನಖಂಡಕ್ಕೆ ಬಡಿಯುತ್ತದೆ. ಒಮ್ಮೆ ಹತ್ತಿ ಮೊಣಕೈ ತರಚಿಕೊಂಡವಳು ನಾನು, "ಇದು ಸೈಕಲ್ಲೋ ಹಠಮಾರಿ ಕತ್ತೆಯೋ" ಎಂದು ಬೈದು ಇಳಿದು ಮತ್ತೆ ಅದರ ಹತ್ತಿರ ಸುಳಿದಿಲ್ಲ.

ಆ ಹಿಂಚಕ್ರಕ್ಕೆ ಇನ್ನೊಂದು ಗುಣವಿದೆ, ಅದನ್ನೂ ಹೇಳಿಬಿಡಬೇಕು. ಅದರ ಒಂದು ಬದಿಗೆ ಫಿಕ್ಸೆಡ್ ಹಲ್ಲುಗಾಲಿ, ಇನ್ನೊಂದು ಬದಿಗೆ ಫ್ರೀವೀಲ್. ಎರಡು ನಟ್ಟು ಸಡಿಲಿಸಿ, ಚಕ್ರ ತೆಗೆದು, ಎಡಬಲ ಬದಲಿಸಿ, ಚೈನು ಹಾಕಿದರೆ ಅದೇ ಸೈಕಲ್ಲು ಎಲ್ಲರ ಸೈಕಲ್ಲಿನ ಹಾಗೆ ಆಗಿಬಿಡುತ್ತದೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೈಕಲ್ಲು ಮೊದಲು ಇದ್ದದ್ದು ಭಾವನದು, ಅಂದರೆ ಅಕ್ಕನ ಗಂಡನದು. ಲ್ಯಾಬಿನ ಸುತ್ತಾಟವೂ ಆಗ ಅವರದೇ. ಉದ್ದ ಕಾಲಿನ, ಸದಾ ಏನಾದರೊಂದು ಗುನುಗುತ್ತಿದ್ದ ಮನುಷ್ಯ. ಒಮ್ಮೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗ ಅಕ್ಕನೇ ಅವರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ದು ಹಲ್ಲು ಮಾಡಿಕೊಟ್ಟಿದ್ದಳು. ಆ ಪ್ಲಾಸ್ಟರ್ ಬಾಯಿ, ಮೇಲಿನ ಅರ್ಧ ಕೆಳಗಿನ ಅರ್ಧ, ಇವತ್ತಿಗೂ ಲ್ಯಾಬಿನ ಕಪಾಟಿನಲ್ಲಿದೆ. ಹಳೆಯ ಅಚ್ಚುಗಳನ್ನೆಲ್ಲ ಲ್ಯಾಬಿನ ಯಜಮಾನರು ಬಿಸಾಡಿಸುತ್ತಾರೆ, ಇದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಶನಿವಾರ ಕಸ ಗುಡಿಸುವಾಗ ಅಕ್ಕ ಅದರ ಧೂಳು ಒರೆಸುತ್ತಾಳೆ. ಆಗ ನಾನು ಬೇಕೆಂದೇ ಬೇರೆ ಕಡೆ ನೋಡುತ್ತೇನೆ. ಎರಡು ಅರ್ಧಗಳ ನಡುವೆ ಸ್ವಲ್ಪ ಸಂದಿ ಉಳಿದಿದೆ, ಏನೋ ಹೇಳಲು ಬಾಯಿ ತೆರೆದವರ ಹಾಗೆ ಕಾಣುತ್ತದೆ. ನನಗೆ ಅದನ್ನು ಕಂಡರೆ ಹೆದರಿಕೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಭಾವ ಹೋದದ್ದು ಆ ಸೈಕಲ್ಲಿನಲ್ಲೇ. ಇದಾದಾಗ ಅವರ ಮಗಳು ತೊಟ್ಟಿಲಿನಲ್ಲಿದ್ದಳು.

ಅವರಿಗೆ ಮಂಡಿನೋವು ಶುರುವಾಗಿತ್ತು. ಇಳಿಜಾರಿನಲ್ಲಿ ಕಾಲಿನಿಂದಲೇ ತಡೆದು ತಡೆದು ಮಂಡಿ ಸವೆದಿತ್ತು. ಫ್ರೀವೀಲ್ ಬದಿಗೆ ಹಾಕಿಕೊಳ್ಳಿ ಎಂದು ಅಕ್ಕ ಗೋಗರೆದಿದ್ದಳು. "ಅದರಲ್ಲೇನು ಮಜಾ ಇದೆ" ಎಂದು ನಕ್ಕು ತಳ್ಳಿಹಾಕುತ್ತಿದ್ದರು. ಒಂದು ಬೆಳಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ತಾನೇ ಸ್ಪ್ಯಾನರ್ ತೆಗೆದುಕೊಂಡು, ಅವರು ಮಾಡುವುದನ್ನು ನೋಡಿ ಕಲಿತಿದ್ದ ಹಾಗೆ, ಚಕ್ರ ತಿರುಗಿಸಿ ಹಾಕಿದಳು. ಮುಂಚಕ್ರಕ್ಕೆ ಬ್ರೇಕು ಇದೆಯಲ್ಲ ಎಂಬ ಧೈರ್ಯ. ಮುಟ್ಟದೆ ಬಿಟ್ಟ ಬ್ರೇಕಿನ ತಂತಿ ಯಾವಾಗಲೋ ತುಕ್ಕು ಹಿಡಿದು ಕಚ್ಚಿಕೊಂಡಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ತಿಂಡಿಗೆ ಕೂತಾಗ ಹೇಳಿ ಅವರ ಮುಖ ನೋಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡಿದ್ದಳು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಅರ್ಜೆಂಟ್ ಫೋನು ಬಂತು, ಒಳಗೆ ಮಗು ಅತ್ತಿತು, ಒಲೆಯ ಮೇಲೆ ಹಾಲು ಉಕ್ಕಿತು. ಅಕ್ಕ ಹಾಲು ಇಳಿಸಿ ತಿರುಗಿ ನೋಡಿದರೆ ಭಾವ ಇಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದು ಹೋಗಿಬಿಟ್ಟಿದ್ದರು.

ನಮ್ಮ ಕಟ್ಟಡದ ಮೆಟ್ಟಿಲು ಮುಗಿಯುವುದೇ ಇಳಿಜಾರಿನ ನೆತ್ತಿಯಲ್ಲಿ. ಕೆಳಗೆ ತಿರುವಿನಲ್ಲಿ ಕಲ್ಲಿನ ಗೋಡೆ. ಅಕ್ಕ ಕಿಟಕಿಗೆ ಓಡಿದಳು. ಯಾವತ್ತೂ ಸದ್ದು ಮಾಡದ ಸೈಕಲ್ಲು ಅವತ್ತು ಟಿಕ್ ಟಿಕ್ ಎನ್ನುತ್ತ ಇಳಿಯುತ್ತಿತ್ತು. ನಡುವೆ ವೇಗ ಏರಿ ಒಮ್ಮೆಗೇ ಆ ಟಿಕ್ ಟಿಕ್ ಸೇರಿಕೊಂಡು ಒಂದೇ ಗೆರೆಯಾಯಿತಂತೆ. ಆಮೇಲೆ ಗೋಡೆಯ ಹತ್ತಿರ ಸದ್ದು. ನಾನು ಬಾಗಿಲು ತೆರೆದಾಗ ಅವಳು ಬರಿಗಾಲಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು, ಕೈತುಂಬ ಚೈನಿನ ಕಪ್ಪು ಗ್ರೀಸು, ಕೈಯಲ್ಲಿ ಸ್ಪ್ಯಾನರ್. ನೋಡಿದ ತಕ್ಷಣ ನನಗೆ ಎಲ್ಲ ಅರ್ಥವಾಯಿತು. ಜನ ಸೇರುವುದರೊಳಗೆ ಅವಳನ್ನು ನನ್ನ ಮನೆಯೊಳಗೆ ಎಳೆದುಕೊಂಡು ಪಾತ್ರೆ ಸೋಪಿನಲ್ಲಿ ಅವಳ ಕೈ ತಿಕ್ಕಿ ತೊಳೆದೆ. ಸ್ಪ್ಯಾನರನ್ನು ಅಕ್ಕಿ ಡಬ್ಬದಲ್ಲಿ ಹುಗಿದೆ. ಅದು ಇವತ್ತಿಗೂ ನನ್ನ ಹತ್ತಿರವೇ ಇದೆ.

ಬ್ರೇಕ್ ಹಿಡಿಯಲಿಲ್ಲ ಎಂದು ಊರು ತೀರ್ಮಾನಿಸಿತು. ಚೈನು ಯಾವ ಹಲ್ಲುಗಾಲಿಯ ಮೇಲಿತ್ತೆಂದು ಯಾರು ನೋಡುತ್ತಾರೆ? ರಿಪೇರಿಯವನೊಬ್ಬ ನೋಡಿರಬಹುದು, ಅವನು ತುಟಿ ಪಿಟಕ್ಕೆನ್ನಲಿಲ್ಲ. ಸೊಟ್ಟಗಾಗಿದ್ದ ಸೈಕಲ್ಲನ್ನು ಅವನು ನೆಟ್ಟಗೆ ಮಾಡಿಕೊಟ್ಟ. ಅಕ್ಕ ಫಿಕ್ಸೆಡ್ ಬದಿಗೇ ಹಾಕಿಸಿಕೊಂಡಳು. ಬ್ರೇಕು ಮಾತ್ರ ಬೇಡವೇ ಬೇಡ ಎಂದಳು. "ಅದನ್ನ ನಂಬಿ ಕೆಟ್ಟೆ" ಎಂದು ನನ್ನ ಹತ್ತಿರ ಹೇಳಿದ್ದಳು. ಫ್ರೀವೀಲನ್ನು ಕಿತ್ತುಹಾಕಿಸು ಎಂದು ನಾನು ಬಡಕೊಂಡೆ. "ಇರಲಿ. ದಿನಾ ಕಣ್ಣಿಗೆ ಬೀಳ್ತಾ ಇರಲಿ" ಎಂದಳು. ಮೈಯಲ್ಲಿ ಗಾಯ ಉಳಿಸಿಕೊಂಡವರ ಹಾಗೆ ಅದನ್ನು ಉಳಿಸಿಕೊಂಡಳು.

ಆಮೇಲೆ ಅವಳೇ ಭಾವನ ಸುತ್ತಾಟವನ್ನು ವಹಿಸಿಕೊಂಡಳು, ಸೈಕಲ್ಲು ಹತ್ತಿದಳು. ಗಂಡನ ನೆನಪಿಗೆ ಓಡಿಸುತ್ತಾಳೆ, ಎಂಥ ಪ್ರೀತಿ ಎಂದು ಜನ ಹನಿಗಣ್ಣಾದರು. ಕ್ಲಿನಿಕ್ಕಿನ ಹುಡುಗಿಯರು ಈಗಲೂ ಹಾಗೇ ಹೇಳುತ್ತಾರೆ. ನಿಜ ಬೇರೆ. ಅವಳ ಕಿವಿಯಲ್ಲಿ ಆ ಟಿಕ್ ಟಿಕ್ ನಿಂತೇ ಇರಲಿಲ್ಲ. ಮಗುವಿಗೆ ಹಾಲು ಕುಡಿಸುವಾಗ, ಬಟ್ಟೆ ಒಗೆಯುವಾಗ, ನನ್ನ ಜೊತೆ ನಗುತ್ತ ಮಾತಾಡುವಾಗ, ಹಿಂದಿನಿಂದ ಟಿಕ್ ಟಿಕ್. ಆಗ ಅವಳ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಲ್ಯಾಬಿನಲ್ಲಾದರೆ ಕಣ್ಣು ಕಪಾಟಿನ ಕಡೆ ಹೋಗುತ್ತಿತ್ತು. ಆ ಸೈಕಲ್ಲಿನ ಮೇಲೆ ಕಾಲು ತಿರುಗುತ್ತಿರುವಷ್ಟು ಹೊತ್ತು ಮಾತ್ರ ಅದು ಸ್ವಲ್ಪ ತಗ್ಗುತ್ತದಂತೆ. "ಕಾಲು ನಿಂತ್ರೆ ಸಾಕು ಕಣೇ, ಅವರು ಮತ್ತೆ ಇಳಿಯೋಕೆ ಶುರು ಮಾಡ್ತಾರೆ" ಎಂದಳು ಒಮ್ಮೆ. ಕೂತಲ್ಲೂ ಅವಳ ಪಾದ ಏಕೆ ಸುತ್ತುತ್ತದೆಂದು ಅವತ್ತು ತಿಳಿಯಿತು. ಡಾಕ್ಟರಿಗೆ ತೋರಿಸು ಎಂದೆ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ ಎಂದು ಕಳಿಸಿದರು.

ಮಗಳು ಬೆಳೆದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದಳು. ಉದ್ದ ಕಾಲು, ಗುನುಗುವ ಚಾಳಿ, ಎಲ್ಲ ಅಪ್ಪನದೇ. ನನ್ನನ್ನು ಅತ್ತೆ ಎನ್ನುತ್ತಾಳೆ. ಅಮ್ಮನೆಂದರೆ ಪ್ರಾಣ, ಆದರೆ ಬಾಯಿಗೆ ಬಂದ ಹಾಗೆ ಜಗಳವಾಡುತ್ತಾಳೆ. ಅವಳಿಗೆ ಅಕ್ಕ ಎಲ್ಲವನ್ನೂ ಹೇಳಿದ್ದಾಳೆ, ಇದೊಂದನ್ನು ಬಿಟ್ಟು.

ಕಳೆದ ವರ್ಷದಿಂದ ಅಕ್ಕನ ಮಂಡಿಗಳು ಊದಿಕೊಂಡವು. ಸೈಕಲ್ಲು ಹೊತ್ತು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ. ಮಗಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಒಂದು ಭಾನುವಾರ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿದವಳು ಕುಣಿದಾಡಿಬಿಟ್ಟಳು.

"ಅಮ್ಮಾ, ಈ ಕಡೆ ಫ್ರೀವೀಲ್ ಇದೆಯಲ್ಲೇ! ಹೊಸದರ ಹಾಗಿದೆ. ತಿರುಗಿಸಿ ಹಾಕಿ, ಒಂದು ಬ್ರೇಕ್ ಕೂರಿಸಿದ್ರೆ ನಿನ್ನ ಮಂಡಿ ಉಳಿಯುತ್ತೆ."

"ಆ ಚಕ್ರ ಮುಟ್ಟಿದ್ರೆ ಜಾಗ್ರತೆ!" ಅಕ್ಕ ಕಿರುಚಿದ್ದು ಕೆಳಗಿನ ನಮ್ಮ ಮನೆಗೂ ಕೇಳಿಸಿತು. ಮಗಳು ಮುಖ ಊದಿಸಿಕೊಂಡು ನನ್ನ ಅಡುಗೆಮನೆಗೆ ಬಂದು ಕೂತಳು.

"ನೋಡಿ ಅತ್ತೆ, ಅಪ್ಪ ಓಡಿಸ್ತಿದ್ದ ಹಾಗೇ ಇರಬೇಕಂತೆ. ಅಪ್ಪ ಏನು, ನಿನ್ನ ಮಂಡಿ ಕಳ್ಕೋ ಅಂತ ಬರೆದಿಟ್ಟು ಹೋಗಿದಾರಾ? ನಿಮ್ಮ ಹತ್ರ ಸ್ಪ್ಯಾನರ್ ಇದ್ರೆ ಕೊಡಿ. ಡಿಪೋದ್ದೆಲ್ಲ ದೊಡ್ಡವು."

ನನ್ನ ಕಣ್ಣು ತಾನಾಗಿ ಅಕ್ಕಿ ಡಬ್ಬದ ಕಡೆ ಹೋಯಿತು. "ನನ್ನ ಹತ್ರ ಎಲ್ಲಿಂದ ಬರ್ಬೇಕು ಸ್ಪ್ಯಾನರು? ಹಲ್ಲಿಗೆ ಪಾಲಿಶ್ ಹೊಡೆಯೋಳು ನಾನು" ಎಂದು ಗದರಿದೆ. "ನಿಮ್ಮಮ್ಮ ಬೇಡ ಅಂದ್ರೆ ಬೇಡ. ಬಿಟ್ಟುಬಿಡು."

ಅವತ್ತು ಸಂಜೆ ಮೇಲೆ ಹೋಗಿ ಅಕ್ಕನ ಮುಂದೆ ಕೂತೆ. "ಅವಳಿಗೆ ಹೇಳಿಬಿಡು ಅಕ್ಕಾ. ಹೇಳದೆ ಇದ್ರೆ ಅವಳು ಸುಮ್ಮನಿರೋಳಲ್ಲ, ನಿಮ್ಮ ಮನೆ ರಕ್ತ."

ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು, ಕಾಲು ಸುತ್ತುತ್ತಿತ್ತು. "ಅಪ್ಪನ್ನ ಕಳಕೊಂಡ ಮಗು ಅದು" ಎಂದಳು. "ಕಳೆದವಳು ನಾನೇ ಅಂತ ಗೊತ್ತಾದ ಮೇಲೆ ಅವಳು ನನ್ನ ಅಮ್ಮ ಅಂತಾಳಾ? ನೀನೇ ಹೇಳು. ನನಗೆ ಉಳಿದಿರೋದು ಅವಳೊಬ್ಬಳೇ."

"ನೀನು ಬೇಕು ಅಂತ ಮಾಡಿದ್ದಾ?"

"ಗೋಡೆಗೆ ಅದು ಗೊತ್ತಿತ್ತಾ?" ಎಂದಳು.

ಮಗಳು ಬಿಡುವವಳಲ್ಲ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ. ಸ್ಪ್ಯಾನರನ್ನೂ ಹೊಸ ಬ್ರೇಕನ್ನೂ ತಂದು ಚೀಲದಲ್ಲಿಟ್ಟುಕೊಂಡಿದ್ದಾಳೆ. ಒಂದು ಬೆಳಗ್ಗೆ ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಬಾಗಿಲ ಹೊರಗೆ ಸೈಕಲ್ಲು ಮಲಗಿಸಿ ಚಕ್ರ ತಿರುಗಿಸಿ ಹಾಕಿದ್ದಾಳೆ. ಬ್ರೇಕು ಕೂರಿಸಲು ಒಂದು ಸಣ್ಣ ನಟ್ಟು ಕಡಿಮೆ ಬಿತ್ತು. ಅಪ್ಪನ ಹಳೆಯ ಡಬ್ಬದಲ್ಲಿ ಇದ್ದೀತೆಂದು ಸೈಕಲ್ಲನ್ನು ಗೋಡೆಗೊರಗಿಸಿ ತಾರಸಿಯ ಕೋಣೆಗೆ ಹತ್ತಿದ್ದಾಳೆ. ಅಮ್ಮ ಹೊರಡಲು ಇನ್ನೂ ಹೊತ್ತಿದೆ ಎಂಬ ಲೆಕ್ಕ ಅವಳದು. ಅದೇ ಹೊತ್ತಿಗೆ ಕ್ಲಿನಿಕ್ಕಿನಿಂದ ಫೋನು: ಡಾಕ್ಟರು ಊರಿಗೆ ಹೊರಟಿದ್ದಾರೆ, ಮೇಣದ ಸೆಟ್ಟು ಈಗಲೇ ಬೇಕು. ಅಕ್ಕ ಒದ್ದೆ ತಲೆಯಲ್ಲೇ ಡಬ್ಬಿ ಎತ್ತಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

ನಾನು ಬಾಗಿಲಲ್ಲಿ ನಿಂತು ತಲೆ ಬಾಚುತ್ತಿದ್ದೆ. "ಏನಕ್ಕಾ, ಇಷ್ಟು ಬೇಗ ಯಾರಿಗೆ ಹಲ್ಲು ಬಂತು?" ಎಂದೆ. ಅವಳು ನಗಲಿಲ್ಲ, ಅವಸರದಲ್ಲಿದ್ದಳು. ಸೈಕಲ್ಲನ್ನು ಇಳಿಜಾರಿನ ನೆತ್ತಿಯಲ್ಲಿ ಇಳಿಸಿ, ಹ್ಯಾಂಡಲ್ ಹಿಡಿದು ಮುಂದಕ್ಕೆ ತಳ್ಳಿದಳು.

ಟಿಕ್ ಟಿಕ್ ಟಿಕ್.

ಬಾಚಣಿಗೆ ನನ್ನ ಕೈಯಿಂದ ಜಾರಿತು. ಅಕ್ಕ ತಿರುಗಿಯೂ ನೋಡಲಿಲ್ಲ. ಅವಳಿಗೇನು, ಅದು ದಿನಾ ಕೇಳುವ ಸದ್ದು. ಅಡುಗೆಮನೆಯಲ್ಲಿ ಕೇಳುತ್ತಾಳೆ, ಲ್ಯಾಬಿನಲ್ಲಿ ಕೇಳುತ್ತಾಳೆ. ಇವತ್ತೂ ಕೇಳಿತು, ಅಷ್ಟೇ. ಪೆಡಲ್ ತಿರುಗದೆ ಸುಮ್ಮನಿತ್ತು, ಅದನ್ನೂ ಅವಳು ಕಾಣಲಿಲ್ಲ. ಎಡಗಾಲು ಪೆಡಲ್ ಮೇಲಿಟ್ಟು ಬಲಗಾಲು ಎತ್ತಲು ಹೊರಟಳು. ಮುಂದೆ ಇಳಿಜಾರು ಖಾಲಿ ಬಿದ್ದಿತ್ತು, ಕೆಳಗೆ ಅದೇ ಗೋಡೆ. ಅವಳ ಕೈಯಡಿ ಬ್ರೇಕು ಇರಲಿಲ್ಲ.

"ಅಕ್ಕಾ, ನಿಲ್ಲು!" ನನ್ನ ಗಂಟಲು ಹರಿಯಿತು. "ನನಗೂ ಕೇಳಿಸ್ತಿದೆ! ನನಗೂ ಕೇಳಿಸ್ತಿದೆ ಕಣೇ!"

ಅವಳು ಕಲ್ಲಾದಳು. ಎತ್ತಿದ ಕಾಲು ನೆಲಕ್ಕೆ ಬಂತು. ಮೆಲ್ಲಗೆ ನನ್ನ ಕಡೆ ತಿರುಗಿದಳು. "ನಿನಗೂನಾ?" ಎಂದಳು, ಪಿಸುಮಾತಿನಲ್ಲಿ. ಭಾವ ನಮ್ಮಿಬ್ಬರ ನಡುವೆ ಹಾದುಹೋದರೇನೋ ಎಂಬಂತೆ ಅವಳು ದಾರಿ ಬಿಟ್ಟು ನಿಂತಳು.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. "ಅಮ್ಮಾ, ಹತ್ತಬೇಡ! ಚಕ್ರ ತಿರುಗಿಸಿದ್ದೀನಿ, ಬ್ರೇಕ್ ಇನ್ನೂ ಹಾಕಿಲ್ಲ, ಹತ್ತಬೇಡಮ್ಮಾ!" ಮಗಳು ಓಡಿಬಂದಳು. ಬರಿಗಾಲು. ಕೈತುಂಬ ಕಪ್ಪು ಗ್ರೀಸು. ಕೈಯಲ್ಲಿ ಸ್ಪ್ಯಾನರ್.

ಅಕ್ಕ ಅವಳನ್ನು ನೋಡಿದಳು. ಸೈಕಲ್ಲು ಕೈಬಿಟ್ಟು ಬಿತ್ತು, ಡಬ್ಬಿ ತೆರೆದುಕೊಂಡು ಮೇಣದ ಸೆಟ್ಟಿನ ಹಲ್ಲುಗಳು ರಸ್ತೆಯ ಮೇಲೆ ಉರುಳಿದವು. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಮಗಳ ಎರಡೂ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ನಾನು ಇಷ್ಟು ಬೇಗ ಓಡಿ ಬರ್ಲಿಲ್ಲ ಕಣೇ" ಎಂದಳು.

"ಎಲ್ಲಿಗೆ? ಏನು ಹೇಳ್ತಿದೀಯ?" ಮಗಳು ಇನ್ನೂ ಏದುಸಿರು ಬಿಡುತ್ತಿದ್ದಳು.

ನಾನು ಒಳಗೆ ಹೋಗಿ ಪಾತ್ರೆ ಸೋಪು, ಒಂದು ಚೊಂಬು ನೀರು ತಂದೆ. ಬೇರೇನು ಮಾಡಬೇಕೆಂದು ನನಗೆ ತೋಚಲಿಲ್ಲ. ಅಕ್ಕ ತಲೆ ಎತ್ತಿ, "ಬೇಡ, ಈಗ ತೊಳೀಬೇಡ. ಅವಳಿಗೆ ಹೇಳ್ತೀನಿ" ಎಂದಳು. ಗ್ರೀಸಿನ ಕೈಗಳನ್ನು ಹಿಡಿದುಕೊಂಡೇ ಎಲ್ಲ ಹೇಳಿದಳು. ಹಾಲು ಉಕ್ಕಿದ್ದು, ತಂತಿ ಕಚ್ಚಿದ್ದು, ಕಿಟಕಿಯಲ್ಲಿ ಕೇಳಿಸಿದ್ದು, ನಾನು ಕೈ ತೊಳೆದದ್ದು. ಒಂದೂ ಮುಚ್ಚಿಡಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ನಾನು ಮಾತ್ರ ಬಾಗಿಲಿಗೊರಗಿ ಅತ್ತೆ.

ಮಗಳು ತಲೆ ತಗ್ಗಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು ಹೋಗುತ್ತಾಳೆಂದು ನಾನು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಿರಬೇಕು, ಹಿಡಿದ ಕೈಗಳನ್ನು ತಾನಾಗಿ ಬಿಟ್ಟಳು.

"ಅಪ್ಪನ ಮಂಡಿ ಅಷ್ಟೊಂದು ನೋಯ್ತಿತ್ತಾ?" ಎಂದು ಕೇಳಿದಳು ಮಗಳು.

"ಮೆಟ್ಟಿಲಿಳಿಯುವಾಗ ಗೋಡೆ ಹಿಡ್ಕೊಳ್ತಿದ್ರು."

"ನೀನೂ ಹಿಡ್ಕೊಳ್ತೀಯ" ಎಂದಳು ಮಗಳು. "ಅದನ್ನ ನೋಡೋಕಾಗದೆ ತಾನೇ ನಾನು ಇದನ್ನ ಮಾಡಿದ್ದು?" ಅಷ್ಟು ಹೇಳಿ ಅಮ್ಮನ ಮಂಡಿಯ ಮೇಲೆ ಹಣೆಯಿಟ್ಟಳು. ಅಕ್ಕನ ಪಾದಗಳು ಸುತ್ತುತ್ತಿದ್ದವು, ಮಗಳ ತಲೆಯೂ ಅದರ ಜೊತೆ ಸಣ್ಣಗೆ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲುಗುವುದು ನಿಂತಿತು.

ಮೇಣದ ಸೆಟ್ಟಿಗೆ ಒಂದು ಹಲ್ಲು ಕಡಿಮೆ ಬಿದ್ದಿತ್ತು. ಮಿಕ್ಕದ್ದನ್ನು ಡಬ್ಬಿಗೆ ಹಾಕಿಕೊಂಡು, ಆ ಡಾಕ್ಟರಿಗೆ ಮನಸಾರೆ ಬೈಯುತ್ತ ನಾನೇ ನಡೆದು ಹೊರಟೆ. ಗೋಡೆಯ ತಿರುವಿಗೆ ಬಂದಾಗ ಹಿಂದೆ ಮೇಲಿನಿಂದ ಮತ್ತೆ ಆ ಸದ್ದು ಕೇಳಿತು. ತಟ್ಟನೆ ತಿರುಗಿ ನೋಡಿದೆ. ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಮಗಳು ಹ್ಯಾಂಡಲ್ಲಿನ ಪಕ್ಕ ಕೂತು ಬ್ರೇಕು ಕೂರಿಸುತ್ತಿದ್ದಳು. ಅಕ್ಕ ಹಿಂಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ಕೇಳಿಸಿಕೊಂಡು, ಮತ್ತೆ ತಿರುಗಿಸುತ್ತಿದ್ದಳು.